ಕೂದಲು ಬಿಟ್ಟವರ ಪತ್ರಿಕೆಗಳು

ಆ ಪೆನ್ಸಿಲ್ಲಿಗೆ ಯಾವಾಗಲೂ ಹಿಟ್ಟು ಮೆತ್ತಿರುತ್ತಿತ್ತು. ಬೆರಳುದ್ದದ ಮೋಟು ಪೆನ್ಸಿಲ್ಲು ಅದು. ಸಂಪಂಗಿಯ ಬಲಗಿವಿಯ ಸಂದು ಅದರ ಜಾಗ. ಕೇಳಿಸದ ಕಿವಿಯಿಂದ ತನಗಿರುವ ಉಪಯೋಗ ಅದೊಂದೇ ಎಂದು ಅವನೇ ಹೇಳಿ ನಗುತ್ತಿದ್ದ. ಯಾರಾದರೂ ಅವನೊಡನೆ ಮಾತಾಡಬೇಕೆಂದರೆ ಅದನ್ನು ತೆಗೆದು ಮುಂದೆ ಹಿಡಿಯುತ್ತಿದ್ದ. ಅದರಲ್ಲಿ ಬರೆದರೆ ಅಕ್ಷರದ ಪಕ್ಕದಲ್ಲಿ ಬೆರಳಿನ ಗುರುತು ಉಳಿಯುತ್ತಿತ್ತು, ಗೋಧಿ ಬೀಸಿದ ದಿನ ಬಿಳಿ, ರಾಗಿ ಬೀಸಿದ ದಿನ ಬೂದು.

ಅವನನ್ನು ನಾನು ಮೊದಲು ನೋಡಿದ್ದು ಮುನಿತಾಯಮ್ಮನ ರದ್ದಿ ಅಂಗಡಿಯಲ್ಲಿ. ಆಗ ನನಗೆ ಇಪ್ಪತ್ತಮೂರು. ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಹಳೆಯ ಕಡತಗಳನ್ನು ಜೋಡಿಸಿಡುವ ಕೆಲಸ. ಒಂದು ದಿನ ಹೊಸ ಚಪ್ಪಲಿ ಕೊಂಡು ಮನೆಗೆ ತಂದು ಬಿಚ್ಚಿದರೆ, ಸುತ್ತಿದ್ದ ಕಾಗದದಲ್ಲಿ ಒಬ್ಬ ಗಿಟಾರು ಹಿಡಿದು ನೆಲ ಬಿಟ್ಟು ಹಾರಿದ್ದ. ಎರಡು ಪಾದಗಳೂ ಗಾಳಿಯಲ್ಲಿದ್ದವು, ಕೂದಲು ಮುಖವನ್ನೆಲ್ಲ ಮುಚ್ಚಿತ್ತು. ಅಷ್ಟೆತ್ತರ ಹಾರಿಸುವಂಥದ್ದು ಏನು ನುಡಿಸುತ್ತಿದ್ದಾನೆ ಎಂದು ತಿಳಿಯಬೇಕೆನಿಸಿತು. ನಮ್ಮ ಊರಿನಲ್ಲಿ ಅದನ್ನು ತಿಳಿಯುವ ದಾರಿಯೇ ಇರಲಿಲ್ಲ. ರೇಡಿಯೋದಲ್ಲಿ ಅಂಥದ್ದು ಬರುತ್ತಿರಲಿಲ್ಲ, ರೆಕಾರ್ಡು ಮಾರುವ ಅಂಗಡಿ ಇರಲಿಲ್ಲ. ಚಪ್ಪಲಿ ಒಂದು ವರ್ಷಕ್ಕೆ ಸವೆಯಿತು, ಕಾಗದ ಉಳಿಯಿತು. ಹೀಗೆ ಹಾಡು ಕೇಳದವನೊಬ್ಬನಿಗೆ ಹಾಡಿನ ಪತ್ರಿಕೆಗಳ ಹುಚ್ಚು ಹಿಡಿಯಿತು.

ವಿದೇಶದಿಂದ ಹಡಗಿನಲ್ಲಿ ಬರುವ ಹಳೆಯ ಕಾಗದದ ಮೂಟೆಗಳು ಹೇಗೋ ಮುನಿತಾಯಮ್ಮನ ಅಂಗಡಿಯನ್ನೂ ತಲುಪುತ್ತಿದ್ದವು. ಅವುಗಳಲ್ಲಿ ಬರುತ್ತಿದ್ದ ರಾಕ್ ಸಂಗೀತದ ಪತ್ರಿಕೆಗಳೆಂದರೆ ಆಕೆಗೆ ತಲೆನೋವು. ನುಣುಪು ಕಾಗದ ಎಣ್ಣೆ ಹೀರುವುದಿಲ್ಲ, ಬೋಂಡಾದವರು ಮುಟ್ಟುವುದಿಲ್ಲ. ಮಡಿಸಿದರೆ ನಿಲ್ಲುವುದಿಲ್ಲ, ಪೊಟ್ಟಣಕ್ಕೆ ಆಗುವುದಿಲ್ಲ. ಹಾಗಾಗಿ ಅವಳು ತೂಕಕ್ಕೆ ತೂಕ ಕೊಡುತ್ತಿದ್ದಳು. ತಕ್ಕಡಿಯ ಒಂದು ತಟ್ಟೆಯಲ್ಲಿ ನಮ್ಮ ಮನೆಯ ದಿನಪತ್ರಿಕೆಗಳು, ಇನ್ನೊಂದರಲ್ಲಿ ಅವಳ ಪತ್ರಿಕೆ. ನಮ್ಮ ಮನೆಯವು ಸಾಲದೆ ನಾನು ನೆಂಟರಿಷ್ಟರ ಮನೆಗಳ ಅಟ್ಟವನ್ನೆಲ್ಲ ಗುಡಿಸಿ ತರಬೇಕಾಗುತ್ತಿತ್ತು. ನಮ್ಮಮ್ಮ ನನ್ನ ಪೆಟ್ಟಿಗೆಯನ್ನು ತೆರೆದು ನೋಡಿ, "ಈ ಕೂದಲು ಬಿಟ್ಟೋರ ಪುಸ್ತಕ ಮನೇಲಿಟ್ಕೊಂಡ್ರೆ ಹೆಣ್ಣು ಕೊಡೋರು ಯಾರಪ್ಪಾ" ಎನ್ನುತ್ತಿದ್ದರು.

ಸಂಪಂಗಿಯನ್ನು ಮೊದಲು ಕಂಡ ಆ ದಿನ ನಾನು ಮೂಟೆಯೊಳಗಿಂದ ಒಂದು ಸಂಚಿಕೆಯ ತುದಿಯನ್ನು ಹಿಡಿದು ಎಳೆದೆ. ಅದು ಬರಲಿಲ್ಲ. ಆ ಕಡೆಯಿಂದ ಇನ್ನೊಬ್ಬ ಹಿಡಿದಿದ್ದ. ಹುಬ್ಬು, ರೆಪ್ಪೆ, ಮುಂಗೈಯ ರೋಮ ಎಲ್ಲ ಹಿಟ್ಟು. "ಬಿಡಿ, ನಾನು ಮೊದಲು ನೋಡಿದ್ದು" ಎಂದೆ. ಅವನು ಅಂಗಡಿಯ ತಗಡು ಅದುರುವ ಹಾಗೆ, "ಕಿವಿ ಕೇಳ್ಸಲ್ಲ ರೀ, ಬರ್ದು ತೋರ್ಸಿ" ಎಂದು ಪೆನ್ಸಿಲ್ಲು ಕೊಟ್ಟ. ಬರೆಯಲು ಬೇರೆ ಕಾಗದ ಕೈಗೆ ಸಿಗಲಿಲ್ಲ. ರದ್ದಿ ಅಂಗಡಿಯಲ್ಲಿ ನಿಂತು ಕಾಗದವಿಲ್ಲ ಎಂದರೆ ಯಾರೂ ನಂಬುವುದಿಲ್ಲ, ಆದರೆ ಆ ಪತ್ರಿಕೆಯನ್ನು ಬಿಟ್ಟರೆ ಅವನು ಹೊತ್ತುಕೊಂಡು ಹೋಗುತ್ತಾನೆಂಬ ಭಯ. ಅದರ ಮೊದಲ ಪುಟದ ಅಂಚಿನಲ್ಲೇ ಬರೆದೆ: ಇದು ನನಗೆ ಬೇಕು.

ಅವನು ಓದಿದ. "ನಂಗೂ ಬೇಕಲ್ಲ" ಎಂದ.

ಮುನಿತಾಯಮ್ಮ ತಕ್ಕಡಿ ಕೆಳಗಿಟ್ಟು, "ಇಬ್ರೂ ಒಟ್ಟಿಗೆ ಕೂತ್ಕೊಂಡು ಓದ್ಕೊಳ್ಳಿ, ಕಾಗದ ಸವದೋಗಲ್ಲ" ಎಂದಳು. ಅವನಿಗೆ ಕೇಳಿಸಲಿಲ್ಲ, ನಾನು ಅದನ್ನೂ ಅಂಚಿನಲ್ಲಿ ಬರೆದು ತೋರಿಸಿದೆ. ಅವನು ನಕ್ಕುಬಿಟ್ಟ.

ಸಂಪಂಗಿ ಸಂತೆಬೀದಿಯ ಹಿಟ್ಟಿನ ಗಿರಣಿಯಲ್ಲಿದ್ದ. ಹದಿನಾರನೆಯ ವಯಸ್ಸಿನಲ್ಲಿ ಬಂದ ಜ್ವರ ಅವನ ಎರಡು ಕಿವಿಗಳನ್ನೂ ತೆಗೆದುಕೊಂಡು ಹೋಗಿತ್ತು. ಮಾತು ಮಾತ್ರ ಉಳಿದಿತ್ತು. ತನ್ನ ದನಿ ಎಷ್ಟು ಜೋರೆಂದು ತಿಳಿಯದೆ, ಗುಟ್ಟನ್ನೂ ಬೀದಿಗೆಲ್ಲ ಕೇಳಿಸುವಂತೆ ಹೇಳುತ್ತಿದ್ದ. ಅವನ ಸೋದರಮಾವ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವರು. ಒಂದು ರೆಕಾರ್ಡ್ ಪ್ಲೇಯರು, ಮೂರು ರೆಕಾರ್ಡುಗಳನ್ನು ತಂದುಕೊಟ್ಟಿದ್ದರಂತೆ. ಜ್ವರಕ್ಕೆ ಮೊದಲಿನ ಎರಡು ವರ್ಷ ಸಂಪಂಗಿ ಅವನ್ನೇ ತಿರುಗಿಸಿ ತಿರುಗಿಸಿ ಕೇಳಿದ್ದ. ಆಮೇಲೆ ಕೇಳುವವರಿಲ್ಲದ ಮನೆಯಲ್ಲಿ ಅದೇಕೆಂದು ಅವನತ್ತೆ ಪ್ಲೇಯರು, ರೆಕಾರ್ಡು ಎಲ್ಲವನ್ನೂ ಯಾರಿಗೋ ಕೊಟ್ಟುಬಿಟ್ಟರು. ನಾನು ಅವನನ್ನು ಕಾಣುವಷ್ಟರಲ್ಲಿ ಅವೆಲ್ಲ ಹೋಗಿ ಏಳು ವರ್ಷವಾಗಿತ್ತು.

ಹೀಗೆ ನಮ್ಮಿಬ್ಬರ ಕೂಟ ಶುರುವಾಯಿತು. ನನಗೆ ಇಂಗ್ಲಿಷ್ ಬರುತ್ತಿತ್ತು, ಆ ಸಂಗೀತ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಅವನಿಗೆ ಸಂಗೀತ ಗೊತ್ತಿತ್ತು, ಇಂಗ್ಲಿಷ್ ಅಷ್ಟಕ್ಕಷ್ಟೆ. ಕಚೇರಿ ಮುಗಿಸಿ ನಾನು ಗಿರಣಿಗೆ ಹೋಗುತ್ತಿದ್ದೆ. ಹಿಟ್ಟಿನ ಡಬ್ಬಗಳ ಸಾಲಿನ ಹಿಂದೆ, ಗೋಡೆಗೆ ಒರಗಿಸಿದ್ದ ಬೆಂಚಿನ ಮೇಲೆ ಇಬ್ಬರೂ ಕೂರುತ್ತಿದ್ದೆವು. ನಾನು ಓದಿ, ಅರ್ಥವನ್ನು ಕನ್ನಡದಲ್ಲಿ ಅಂಚಿನಲ್ಲಿ ಬರೆಯುವುದು. ಅವನು ಅದನ್ನು ಓದಿ, ಶಬ್ದ ಹೇಗಿತ್ತೆಂದು ಬಾಯಲ್ಲಿ ಹೇಳುವುದು. 'ಈ ಹಾಡಿನಲ್ಲಿ ಗಿಟಾರು ಅಳುತ್ತದಂತೆ, ನಿಜವಾ?' ಎಂದು ಬರೆದರೆ, "ಅಳೋದಲ್ಲ ಕಣೋ. ಮಗು ಅಳೋಕ್ಕೆ ಮುಂಚೆ ಉಸಿರು ಎಳ್ಕೊಳ್ತದಲ್ಲ, ಅದು" ಎನ್ನುತ್ತಿದ್ದ. 'ಬೇಸ್ ಗಿಟಾರು ಎಂದರೆ?' ಎಂದು ಬರೆದ ದಿನ ನನ್ನ ಕೈ ಹಿಡಿದು ಗೋಡೆಗೆ ಒತ್ತಿಟ್ಟ. ಆಚೆ ಕಡೆ ಬೀಸುಕಲ್ಲು ತಿರುಗುತ್ತಿತ್ತು. ಅಂಗೈಯಿಂದ ಮೊಣಕೈವರೆಗೂ ನಡುಕ ಹತ್ತಿ ಬಂತು. "ಇದು. ಕಿವಿಗೆ ಬರಲ್ಲ, ಇಲ್ಲಿಗೆ ಬರ್ತದೆ" ಎಂದು ನನ್ನ ಎದೆಯ ಮೇಲೆ ಬೆರಳಿಟ್ಟ.

ಎಷ್ಟೋ ವರ್ಷಗಳಾದ ಮೇಲೆ ಬೇರೆ ಊರಿನಲ್ಲಿ, ಪರಿಚಯದವರೊಬ್ಬರ ಮನೆಯಲ್ಲಿ, ನಾವು ಓದಿದ್ದ ಹಾಡುಗಳಲ್ಲೊಂದನ್ನು ಕೊನೆಗೂ ಕೇಳಿದೆ. ಸಂಪಂಗಿ ಹೇಳಿದ್ದ ಜಾಗದಲ್ಲೇ ಡ್ರಮ್ಮು ನಿಂತಿತು, ಹೇಳಿದ್ದ ಜಾಗದಲ್ಲೇ ಮತ್ತೆ ಶುರುವಾಯಿತು. ಆದರೂ ಏನೋ ಕಡಿಮೆಯಾಗಿತ್ತು. ನಾನು ಎದ್ದು ಹೋಗಿ ಅವರ ಗೋಡೆಯ ಮೇಲೆ ಕೈಯಿಟ್ಟೆ. ಮನೆಯವರು ಮುಖ ಮುಖ ನೋಡಿಕೊಂಡರು.

ಮೂರು ವರ್ಷಗಳಲ್ಲಿ ನಲವತ್ತಮೂರು ಸಂಚಿಕೆಗಳು ಸೇರಿದವು. ಇಬ್ಬರ ಆಸ್ತಿ ಅದು. ಅವನ ಬಳಿ ಅರ್ಧ, ನನ್ನ ಬಳಿ ಅರ್ಧ, ತಿಂಗಳಿಗೊಮ್ಮೆ ಅದಲುಬದಲು. ಹರಿದದ್ದನ್ನು ಅಂಟಿಸಿ, ಮುದುರಿದ್ದನ್ನು ಇಸ್ತ್ರಿ ಮಾಡಿ, ನುಸಿಗುಳಿಗೆ ಹಾಕಿ ಇಡುವುದು ನನ್ನ ಕೆಲಸ. ಅಂಚುಗಳಲ್ಲಿ ಬರಬರುತ್ತಾ ಅರ್ಥದ ಜೊತೆಗೆ ಬೇರೆಯೂ ಸೇರಿಕೊಂಡವು. ಒಬ್ಬ ಡ್ರಮ್ಮಿನವನ ಮೊಣಕೈ ಪಕ್ಕದಲ್ಲಿ 'ಇವತ್ತು ಸಾಹೇಬರು ಎಲ್ಲರೆದುರಿಗೆ ಬೈದರು' ಎಂದಿತ್ತು. ರೆಕಾರ್ಡಿನ ಜಾಹೀರಾತೊಂದರ ಕೆಳಗೆ 'ಅಮ್ಮನಿಗೆ ಜ್ವರ, ಅದಕ್ಕೇ ನಿನ್ನೆ ಬರಲಿಲ್ಲ'. ನನಗೆ ನೋಡಿದ್ದ ಹೆಣ್ಣಿನ ಕಡೆಯವರು ಬೇಡವೆಂದದ್ದು ನಾಲ್ಕು ಪುಟಗಳ ಸಂದರ್ಶನದ ಅಂಚಿನುದ್ದಕ್ಕೂ ಇತ್ತು. ಆ ದಿನ ಸಂಪಂಗಿ ಸಮಾಧಾನ ಹೇಳಿದ ದನಿಗೆ ಹಿಟ್ಟು ಬೀಸಿಸಲು ಬಂದವರೆಲ್ಲ ನನ್ನ ಮದುವೆಯ ವಿಷಯ ತಿಳಿದುಕೊಂಡು ಹೋದರು.

ಇಷ್ಟರ ನಡುವೆ ಒಂದು ಸಂಚಿಕೆಯಲ್ಲಿ ನನ್ನಂಥವರ ಬಗ್ಗೆಯೇ ಒಂದು ಲೇಖನ ಬಂದಿತ್ತು, ಹಳೆಯ ಸಂಚಿಕೆಗಳನ್ನು ಸಂಗ್ರಹಿಸುವವರ ಬಗ್ಗೆ. ಪುಟ ಮಡಿಸಬಾರದು, ಹೊದಿಕೆ ಹೋಗಿರಬಾರದು, ಒಂದು ಗೀಟೂ ಇರಬಾರದು. ಗೀಚಿದ ಪ್ರತಿಯನ್ನು ಯಾವ ಸಂಗ್ರಾಹಕನೂ ಮನೆಯೊಳಗೆ ಸೇರಿಸುವುದಿಲ್ಲ ಎಂದು ಅದನ್ನು ಬರೆದ ಮಹಾಶಯ ಷರಾ ಹೊಡೆದಿದ್ದ. ಓದಿ ನನಗೆ ಮುಖ ಕೆಂಪಾಯಿತು. ಆ ಪುಟದ ಅರ್ಥವನ್ನು ಮಾತ್ರ ನಾನು ಅಂಚಿನಲ್ಲಿ ಬರೆಯಲಿಲ್ಲ. 'ಇದರಲ್ಲೇನಿಲ್ಲ' ಎಂದು ಬರೆದು ಪುಟ ತಿರುವಿದೆ.

ಮೂರನೆಯ ವರ್ಷ ಗಿರಣಿಯ ಯಜಮಾನರ ಅಣ್ಣ ದೂರದ ಊರಿನಲ್ಲಿ ದೊಡ್ಡ ಅಕ್ಕಿ ಗಿರಣಿ ಹಾಕಿದರು. ಯಂತ್ರದ ಮೈಮೇಲೆ ಕೈಯಿಟ್ಟು, ಬೆಲ್ಟು ಸಡಿಲವೋ ಬೇರಿಂಗು ಸವೆದಿದೆಯೋ ಹೇಳಬಲ್ಲ ಸಂಪಂಗಿ ಅವರಿಗೆ ಬೇಕಾಗಿದ್ದ. ಒಂದು ಸಂಜೆ ಅವನು ಬೆಂಚಿನ ಮೇಲೆ ಕೂತು, "ಮುಂದಿನ ತಿಂಗಳು ಹೋಗ್ಬೇಕು" ಎಂದ. ಅವನೇ ಮುಂದುವರಿಸಿದ. "ಪತ್ರಿಕೆಗಳ್ನೆಲ್ಲ ನೀನೇ ಇಟ್ಕೋ. ಓದಿ ಹೇಳೋರಿಲ್ದೆ ನಾನೇನು ಮಾಡ್ಲಿ?"

ಮನೆಗೆ ಹೋಗುವ ದಾರಿಯಲ್ಲಿ ನಾನು ತೀರ್ಮಾನಿಸಿದೆ, ಎಲ್ಲವನ್ನೂ ಅವನಿಗೇ ಕೊಡುವುದು. ಸುಲಭದ ತೀರ್ಮಾನವಾಗಿರಲಿಲ್ಲ, ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಕೊಡುವುದಾದರೆ ಅಚ್ಚುಕಟ್ಟಾಗಿ ಕೊಡಬೇಕು, ಚೆನ್ನಾಗಿ ಬೈಂಡು ಮಾಡಿಸಿ ಎರಡು ಸಂಪುಟಗಳಾಗಿ ಕೊಡಬೇಕು ಎಂದುಕೊಂಡೆ. ನಮ್ಮ ಕಚೇರಿಯ ದಫ್ತರುಗಳನ್ನು ಬೈಂಡು ಮಾಡುತ್ತಿದ್ದ ವಾಜಿದ್ ಸಾಬರ ಬಳಿ ಅವನು ಆಗಲೇ ತಂದುಕೊಟ್ಟಿದ್ದ ಅರ್ಧವೂ ಸೇರಿ ನಲವತ್ತಮೂರನ್ನೂ ಹೊತ್ತುಕೊಂಡು ಹೋದೆ. ಸಂಪಂಗಿಗೆ ಏನೂ ಹೇಳಲಿಲ್ಲ.

ಸಾಬರ ಅಂಗಡಿಯಲ್ಲಿ ಮೈದಾ ಅಂಟು ಕುದಿಯುವ ವಾಸನೆ. ಹುಳ ಹಿಡಿಯದಿರಲೆಂದು ಅದಕ್ಕೆ ಮೈಲುತುತ್ತು ಹಾಕುತ್ತಿದ್ದರು. ವಕೀಲರ ಕಾನೂನು ಪತ್ರಿಕೆಗಳನ್ನು ಬೈಂಡು ಮಾಡುವಾಗ ಹೊದಿಕೆಯನ್ನೂ ಜಾಹೀರಾತುಗಳನ್ನೂ ಕಿತ್ತುಹಾಕುವುದು ಅವರ ಪದ್ಧತಿ ಎಂದು ನನಗೆ ಗೊತ್ತಿತ್ತು. ಅದಕ್ಕೇ ಮೊದಲೇ ಹೇಳಿದೆ. "ಸಾಬರೇ, ಹೊದಿಕೆ ಕೀಳಬೇಡಿ. ಜಾಹೀರಾತು ಇರಲಿ. ಒಂದು ಹಾಳೆಯೂ ಹೋಗಬಾರದು." ಅವರು ತಲೆಯಾಡಿಸುತ್ತಾ ಪುಟಗಳನ್ನು ಸರಸರ ಬಿಟ್ಟು ನೋಡಿದರು. ನಿಲ್ಲಿಸಿದರು.

"ಅಂಚಲ್ಲೆಲ್ಲಾ ಪೆನ್ಸಿಲ್ ಬರಹ ಇದೆಯಲ್ಲ ಸ್ವಾಮಿ. ಇದೇನು ಮಾಡ್ಲಿ?"

"ಕತ್ತರಿಸೋವಾಗ ಹೋಗುತ್ತಲ್ಲ? ಅಚ್ಚಿಗೆ ತಾಗದ ಹಾಗೆ ಎಷ್ಟು ಒಳಗೆ ಬರೋಕಾಗುತ್ತೋ ಅಷ್ಟು ಬನ್ನಿ. ಚೊಕ್ಕಟವಾಗಿ ಕಾಣಬೇಕು."

ಅವರು ಕನ್ನಡಕ ತೆಗೆದರು. "ಕೈಬರಹ ಇರೋದ್ನ ನಾನು ಕೇಳ್ದೆ ಕತ್ತರಿಸಲ್ಲ. ನಮ್ಮ ತಂದೆ ಕಾಲದಿಂದ ಹಂಗೇ. ಬರ್ದೋರನ್ನ ಒಂದು ಮಾತು ಕೇಳಿ ಬಂದುಬಿಡಿ."

"ಬರೆದವನು ನಾನೇ ಸಾಬರೇ."

"ಬರ್ದೋರೇ ಹೇಳಿದ್ಮೇಲೆ ಮುಗೀತು ಬಿಡಿ" ಎಂದು ಅವರು ಪತ್ರಿಕೆಗಳನ್ನು ಒಳಗಿಟ್ಟರು.

ಸಂಪಂಗಿ ಹೊರಡುವ ದಿನ ಮಧ್ಯಾಹ್ನ ಸಂಪುಟಗಳು ಕೈಗೆ ಬಂದವು. ಕೆಂಪು ಕ್ಯಾಲಿಕೊ ಬಟ್ಟೆ ಹೊದಿಸಿದ ರಟ್ಟು, ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಂಕಿ, ಮೂರು ಕಡೆಯೂ ಕತ್ತರಿಸಿ ಕನ್ನಡಿಯಂತೆ ನುಣುಪಾದ ಅಂಚು. ಆ ಲೇಖನದ ಮಹಾಶಯ ನೋಡಿದ್ದರೂ ತಲೆದೂಗಬೇಕಿತ್ತು. ನಾನು ಬೀಗುತ್ತಾ ಗಿರಣಿಗೆ ಹೋದೆ. ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು. ಅವನು ಕಡೆಯ ಸಲವೆಂದು ಕಲ್ಲಿನ ಹತ್ತಿರ ನಿಂತಿದ್ದ.

ಕೈ ಒರಸಿಕೊಂಡು ಸಂಪುಟಗಳನ್ನು ತೆಗೆದುಕೊಂಡ. ಮೂಸಿದ. ರಟ್ಟನ್ನು ಸವರಿದ. ಅವನ ಕಣ್ಣು ತುಂಬಿದ್ದನ್ನು ಕಂಡು ನನಗೆ ಹೆಮ್ಮೆಯಾಯಿತು. ಮೊದಲ ಸಂಪುಟವನ್ನು ತೆರೆದು ಬೇಗ ಬೇಗ ತಿರುವಿದ. ಆಮೇಲೆ ನಿಧಾನವಾಗಿ ತಿರುವಿದ. ಆಮೇಲೆ ಎರಡನೆಯದನ್ನು ತೆರೆದ. ನನ್ನ ಕಡೆ ನೋಡಿ, ಸಾಲಿನಲ್ಲಿ ನಿಂತ ಹೆಂಗಸರೆಲ್ಲ ತಿರುಗುವಂತೆ ಕೇಳಿದ.

"ನಿನ್ನ ಮಾತೆಲ್ಲಾ ಎಲ್ಲಿ ಹೋಯ್ತೋ?"

ಪೆನ್ಸಿಲ್ಲು ಮುಂದೆ ಹಿಡಿದ. ನಾನು ತೆಗೆದುಕೊಂಡು ಪುಟದ ಮೇಲೆ ಕೈಯಿಟ್ಟೆ. ಬರೆಯಲು ಜಾಗವಿರಲಿಲ್ಲ. ಇನ್ನೊಂದು ಪುಟ ತಿರುವಿದೆ, ಅಲ್ಲಿಯೂ ಅಚ್ಚು ಅಂಚಿಗೇ ಬಂದು ನಿಂತಿತ್ತು. ಕೆಲವು ಕಡೆ ನನ್ನ ಅಕ್ಷರಗಳ ಬಾಲ ಮಾತ್ರ ಉಳಿದಿತ್ತು. ಕೊನೆಗೆ ಡಬ್ಬ ಇಡುವ ಹಲಗೆಯ ಮೇಲೆ ಕೂತಿದ್ದ ಹಿಟ್ಟಿನಲ್ಲಿ ಬೆರಳಿನಿಂದ ಬರೆದೆ: ಕತ್ತರಿಸಿಬಿಟ್ಟೆ.

"ಯಾಕೆ?"

ಚೆನ್ನಾಗಿ ಕಾಣಲಿ ಅಂತ, ಎಂದು ಬರೆದೆ.

ಅವನು ಅದನ್ನು ಓದಿದ. ಮೂರು ವರ್ಷದಲ್ಲಿ ಮೊದಲ ಸಲ ಅವನ ದನಿ ತಗ್ಗಿತು. "ನನಗೆ ಕೇಳ್ತಿದ್ದಿದ್ದು ಅದೊಂದೇ ಕಣೋ. ನೀನು ಇಲ್ಲಿಗೆ ಬರದ ದಿನ ತೆಗ್ದು ಓದ್ಕೊಳ್ತಿದ್ದೆ. ಪಕ್ಕದಲ್ಲಿ ಕೂತು ಮಾತಾಡ್ದಂಗೇ ಇರ್ತಿತ್ತು." ಯಾರೋ ಡಬ್ಬ ತಂದು ಹಲಗೆಯ ಮೇಲಿಟ್ಟರು, ನಾನು ಬರೆದದ್ದು ಅಳಿಸಿಹೋಯಿತು.

ಮೂರು ವರ್ಷ ಅವನ ಪಕ್ಕದಲ್ಲಿ ಕೂತು ನಾನು ಪತ್ರಿಕೆಗಳನ್ನು ಕೂಡಿಹಾಕುತ್ತಿದ್ದೇನೆ ಎಂದುಕೊಂಡಿದ್ದೆ. ಅವನು ಕೂಡಿಹಾಕುತ್ತಿದ್ದದ್ದು ನನ್ನನ್ನು. ಅದು ತಿಳಿಯಲಿಲ್ಲವಲ್ಲ ಎಂದು ನನಗೆ ನನ್ನ ಮೇಲೆಯೇ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಬರುತ್ತೇನೆ ಇರು ಎಂದು ಕೈಸನ್ನೆ ಮಾಡಿ ಸಾಬರ ಅಂಗಡಿಗೆ ಓಡಿದೆ.

ಸಾಬರು ಅಂಟಿನ ಕೈಯಲ್ಲೇ ಎದ್ದು ನಿಂತರು. "ಕತ್ತರಿಸಿದ ಚೂರೆಲ್ಲ ಮೂಟೆ ಕಟ್ಟಿ ಬಳೆ ಅಂಗಡಿಗೆ ಕೊಟ್ಟಾಯ್ತಲ್ಲ ಸ್ವಾಮಿ, ಪೆಟ್ಟಿಗೆಗೆ ತುಂಬೋಕೆ" ಎಂದರು. ನನ್ನ ಮುಖ ನೋಡಿ ಏನನ್ನಿಸಿತೋ, ಅಂಗಡಿಯನ್ನು ಹಾಗೇ ಬಿಟ್ಟು ಜೊತೆಗೆ ಬಂದರು. ಬಳೆಯ ಸಗಟು ಅಂಗಡಿಯ ಹಿತ್ತಲಿನಲ್ಲಿ ಇಬ್ಬರೂ ಮಂಡಿಯೂರಿ ಕೂತು ಮೂಟೆಯನ್ನು ಕೆದಕಿದೆವು. ಅರ್ಧಕ್ಕಿಂತ ಹೆಚ್ಚು ಚೂರುಗಳು ಬಳೆಗಳ ನಡುವೆ ಸೇರಿ ಬೆಳಿಗ್ಗೆಯೇ ಲಾರಿ ಹತ್ತಿದ್ದವು. ಉಳಿದದ್ದು ಶಾಲೆಯ ಪುಸ್ತಕಗಳ ಅಂಚು, ದಫ್ತರಿನ ಅಂಚು, ಬರೀ ಬಿಳಿ ಚೂರು. ನನ್ನದೆಂದು ಸಿಕ್ಕಿದ್ದು ಒಂದೇ ಒಂದು. ಅದರಲ್ಲಿದ್ದದ್ದು ಒಂದೇ ಪದ: ಆಮೇಲೆ?

ಬಸ್ ನಿಲ್ದಾಣಕ್ಕೆ ಹೋಗುವಷ್ಟರಲ್ಲಿ ಬಸ್ಸು ಹೋಗಿತ್ತು.

ಆ ಚೂರನ್ನು ಕಾಗದದೊಳಗಿಟ್ಟು ಅಂಚೆಯಲ್ಲಿ ಕಳಿಸಿದೆ. ಉತ್ತರ ಬರಲಿಲ್ಲ. ಮತ್ತೆ ಎರಡು ಕಾಗದ ಬರೆದೆ, ಅವಕ್ಕೂ ಬರಲಿಲ್ಲ. ಮುನಿತಾಯಮ್ಮ ದಾರಿಯಲ್ಲಿ ಸಿಕ್ಕರೆ, "ಏನಪ್ಪಾ, ನಿನ್ನ ಕೂದಲೋರು ಬಂದವ್ರೆ, ಬಾ" ಎಂದು ಕರೆಯುತ್ತಿದ್ದಳು. ನಾನು ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಹೋಗಿ ತಂದರೂ ಯಾರಿಗೆ ಬರೆದು ತೋರಿಸುವುದು? ಚಪ್ಪಲಿಯ ಕಾಗದದಲ್ಲಿದ್ದವನು ಮಾತ್ರ ಪೆಟ್ಟಿಗೆಯ ತಳದಲ್ಲಿ ಇನ್ನೂ ನೆಲ ಮುಟ್ಟದೆ ಹಾಗೇ ಇದ್ದ.

ಒಂದೂವರೆ ವರ್ಷದ ಮೇಲೆ ಗೋಣಿಬಟ್ಟೆಯಲ್ಲಿ ಹೊಲಿದ ಒಂದು ಪಾರ್ಸೆಲ್ಲು ಬಂತು. ಒಳಗೆ ಮೊದಲನೆಯ ಕೆಂಪು ಸಂಪುಟವಿತ್ತು. ಅದರ ಬಾಯಿ ಮುಚ್ಚುತ್ತಿರಲಿಲ್ಲ. ಎರಡರಷ್ಟು ದಪ್ಪವಾಗಿ ಊದಿಕೊಂಡು, ಲಾಡಿಯಲ್ಲಿ ಬಿಗಿದು ಕಟ್ಟಿಸಿಕೊಂಡಿತ್ತು. ಬಿಚ್ಚಿದಾಗ ಪುಟಗಳೆಲ್ಲ ತಾವಾಗಿಯೇ ತೆರೆದುಕೊಂಡವು.

ಪ್ರತಿಯೊಂದು ಪುಟದ ಕತ್ತರಿಸಿದ ಅಂಚಿಗೂ ಅವನು ಎರಡು ಬೆರಳಗಲದ ಬಿಳಿ ಕಾಗದದ ಪಟ್ಟಿಯನ್ನು ಅಂಟಿಸಿದ್ದ. ಪಟ್ಟಿಗಳ ಮೇಲೆ ನನ್ನ ಮಾತುಗಳಿದ್ದವು, ಅವನ ಕೈಬರಹದಲ್ಲಿ. ಸಾಹೇಬರು ಬೈದದ್ದು ಡ್ರಮ್ಮಿನವನ ಮೊಣಕೈ ಪಕ್ಕದಲ್ಲೇ ಇತ್ತು. ಅಮ್ಮನ ಜ್ವರ ಜಾಹೀರಾತಿನ ಕೆಳಗೇ ಇತ್ತು. ನನ್ನ ಮಾತಿನ ಕೆಳಗೆ, ಅಂದು ಬಾಯಲ್ಲಿ ಹೇಳಿದ್ದ ತನ್ನ ಉತ್ತರಗಳನ್ನೂ ಈಗ ಬರೆದಿದ್ದ. 'ಅಳೋದಲ್ಲ ಕಣೋ' ಎಂದು ಶುರುವಾಗುವುದನ್ನು ಓದಿದಾಗ ಬೀದಿಗೆಲ್ಲ ಕೇಳಿಸುವ ಆ ದನಿ ನನಗೆ ಕೇಳಿಸಿತು. 'ಇದರಲ್ಲೇನಿಲ್ಲ' ಎಂದು ನಾನು ತಪ್ಪಿಸಿಕೊಂಡ ಪುಟದಲ್ಲಿ, 'ಏನೋ ಇತ್ತು, ನೀನು ಹೇಳಲಿಲ್ಲ' ಎಂದು ಬರೆದಿದ್ದ. ನಾನು ಕಳಿಸಿದ್ದ ಆ ಒಂದು ಚೂರು ಯಾವ ಪುಟದ್ದೆಂದು ಹುಡುಕಿ, ಅದರದೇ ಜಾಗದಲ್ಲಿ ಅಂಟಿಸಿದ್ದ. ನಾನು ಅಡುಗೆಮನೆಯ ಹೊಸಿಲ ಮೇಲೆ ಕೂತು ಅತ್ತೆ. ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು ನೋಡಿ ಒಳಗೆ ಹೋದರು.

ಜೊತೆಗೆ ಒಂದು ಚೀಟಿಯಿತ್ತು. 'ಸಿಟ್ಟಿರಲಿಲ್ಲ. ಮುಗಿಸಿಯೇ ಕಳಿಸೋಣ ಅಂತ ಬರೆಯಲಿಲ್ಲ. ಕೆಲವು ಕಡೆ ಮರೆತಿದೆ, ಖಾಲಿ ಬಿಟ್ಟಿದ್ದೇನೆ. ನೀನೇ ತುಂಬಿ ಬೇಗ ವಾಪಸ್ಸು ಕಳಿಸು. ಎರಡನೆಯದನ್ನು ಆಮೇಲೆ ಕಳಿಸುತ್ತೇನೆ.' ಚೀಟಿಯ ಮಡಿಕೆಯಲ್ಲಿ ಆ ಮೋಟು ಪೆನ್ಸಿಲ್ಲು ಇತ್ತು. ಇನ್ನೂ ಚಿಕ್ಕದಾಗಿತ್ತು.

ಖಾಲಿ ಜಾಗಗಳು ಹೆಚ್ಚಿರಲಿಲ್ಲ, ಹತ್ತೋ ಹನ್ನೆರಡೋ. ಅವುಗಳಲ್ಲಿ ಎಷ್ಟೋ ನನಗೂ ನೆನಪಿರಲಿಲ್ಲ. ಮತ್ತೆ ಮೊದಲಿಗೆ ತಿರುವಿದೆ. ಮೊದಲ ಸಂಚಿಕೆಯ ಮೊದಲ ಪುಟ, ಮುನಿತಾಯಮ್ಮನ ಅಂಗಡಿಯಲ್ಲಿ ಇಬ್ಬರೂ ಹಿಡಿದೆಳೆದಿದ್ದ ಪುಟ. ಪಟ್ಟಿಯ ಕೆಳಭಾಗದಲ್ಲಿ 'ನಂಗೂ ಬೇಕಲ್ಲ' ಎಂದು ಬರೆದಿದ್ದ. ಅದರ ಮೇಲೆ ಬೇಕೆಂದೇ ಖಾಲಿ ಬಿಟ್ಟಿದ್ದ. ಅದನ್ನು ಅವನು ಮರೆತಿರಲು ಸಾಧ್ಯವಿರಲಿಲ್ಲ.

ನಾನು ಪೆನ್ಸಿಲ್ಲು ಎತ್ತಿಕೊಂಡು ಅಲ್ಲಿ ಬರೆದೆ: ಇದು ನನಗೆ ಬೇಕು.

ಕೈ ತೆಗೆದಾಗ ಅಕ್ಷರಗಳ ಪಕ್ಕದಲ್ಲಿ ಬೆರಳಿನ ಬಿಳಿ ಗುರುತು ಬಿದ್ದಿತ್ತು. ಮೂಸಿ ನೋಡಿದೆ. ಈ ಸಲ ಅಕ್ಕಿಯ ಹಿಟ್ಟು.